ಮನೆಯ ಒಂದು ವರ್ಷವನ್ನು ಬರೆದಿಡುವುದು ಹೇಗೆ

ನಮ್ಮ ಮಂಡ್ಯ ಕಡೆ ಮದುವೆ ಮನೆಯಲ್ಲಿ ಮುಯ್ಯಿ ಬರೆಯುವುದಕ್ಕೆ ಅಂತಲೇ ಒಬ್ಬರನ್ನು ಕೂರಿಸುತ್ತಾರೆ. ಯಾವ ಊರಿನವರು, ಯಾರ ಮಗ, ಎಷ್ಟು ಹಾಕಿದರು, ಎಲ್ಲ ಪುಸ್ತಕದಲ್ಲಿ ಇರುತ್ತದೆ. ಎಷ್ಟೋ ವರ್ಷ ಆದಮೇಲೂ ಆ ಪುಸ್ತಕ ತೆಗೆದು, ಅವರ ಮನೆ ಮದುವೆಗೆ ನಾವೆಷ್ಟು ಹಾಕಬೇಕು ಅಂತ ನೋಡಿಕೊಂಡೇ ಹೊರಡುತ್ತೇವೆ. ದುಡ್ಡಿನ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟು. ಆದರೆ ಅದೇ ಮದುವೆಗೆ ಎರಡು ದಿನ ಮೊದಲೇ ಬಂದು ತರಕಾರಿ ಹೆಚ್ಚಿದವರು ಯಾರು, ರಾತ್ರಿ ಹನ್ನೊಂದಕ್ಕೆ ಸಿಲಿಂಡರ್ ಖಾಲಿಯಾದಾಗ ತಮ್ಮ ಮನೇದು ಬಿಚ್ಚಿ ತಂದವರು ಯಾರು ಅಂತ ಎಲ್ಲೂ ಬರೆದಿರುವುದಿಲ್ಲ.

ಮನೆಯ ವರ್ಷ ಬರೆದಿಡುವುದು ಅಂದರೆ ಇದನ್ನೂ ಬರೆಯುವುದು. ಯಾರು ಹುಟ್ಟಿದರು, ಯಾರು ಹೋದರು, ಯಾರಿಗೆ ಕೆಲಸ ಸಿಕ್ಕಿತು, ಮಗು ಯಾವ ಕ್ಲಾಸಿಗೆ ಬಂತು, ಕಷ್ಟಕ್ಕೆ ಯಾರು ಆದರು. ದಿನಾ ಡೈರಿ ಬರೆಯಿರಿ ಅಂತ ನಾನು ಹೇಳುತ್ತಿಲ್ಲ. ದಿನಾ ಬರೆಯುತ್ತೇನೆ ಅಂತ ಜನವರಿಯಲ್ಲಿ ಹೊರಟವರ ಡೈರಿ ಸಂಕ್ರಾಂತಿ ದಾಟುವುದೇ ಕಷ್ಟ. ವರ್ಷಕ್ಕೆ ಒಂದು ಸಲ ಕೂತು, ಮನೆಯವರೆಲ್ಲ ಸೇರಿ ಬರೆಯುವ ಕ್ರಮ ಇದು. ಅದಕ್ಕೆ ವರ್ಷವಿಡೀ ಸ್ವಲ್ಪ ತಯಾರಿ ಬೇಕು, ಅಷ್ಟೇ.

ವರ್ಷ ಎಲ್ಲಿಂದ ಎಲ್ಲಿಗೆ ಅಂತ ಮೊದಲು ಗೊತ್ತು ಮಾಡಿಕೊಳ್ಳಿ

ಕ್ಯಾಲೆಂಡರಿನ ವರ್ಷ ಜನವರಿಗೆ ಶುರು. ಆಫೀಸಿನ ಲೆಕ್ಕ ಏಪ್ರಿಲ್‌ಗೆ. ಸ್ಕೂಲು ಮೇ ಕೊನೆಗೋ ಜೂನ್‌ಗೋ. ಕಬ್ಬಿಗಂತೂ ನೆಟ್ಟ ದಿನದಿಂದ ವರ್ಷ. ಇದರಲ್ಲಿ ಯಾವುದನ್ನು ಹಿಡಿದರೂ ಇನ್ನೊಂದು ಅರ್ಧಕ್ಕೆ ತುಂಡಾಗುತ್ತದೆ. ನನ್ನ ಕೇಳಿದರೆ ಯುಗಾದಿಯಿಂದ ಯುಗಾದಿಗೆ ಇಟ್ಟುಕೊಳ್ಳುವುದು ಒಳ್ಳೆಯದು. ಕಾರಣ ಸುಲಭ. ಮೈಸೂರಲ್ಲಿ ಓದುವವರು, ಬೆಂಗಳೂರಲ್ಲಿ ಕೆಲಸ ಮಾಡುವವರು ಎಲ್ಲ ಊರಿಗೆ ಬರುವ ಹಬ್ಬ ಅದು. ಮಾರನೇ ದಿನ ಬಾಡೂಟದ ಹೊಸತೊಡಕು ಇರುವುದರಿಂದ ಯಾರೂ ಬೇಗ ಬ್ಯಾಗ್ ಕಟ್ಟುವುದಿಲ್ಲ.

ಇನ್ನೊಂದು ಅನುಕೂಲ ಇದೆ. ಪುಸ್ತಕದ ಮೇಲೆ ಸಂವತ್ಸರದ ಹೆಸರು ಬರೆಯಬಹುದು. 2025ರ ಮಾರ್ಚ್ 30ಕ್ಕೆ ಶುರುವಾದದ್ದು ವಿಶ್ವಾವಸು. 2026ರ ಮಾರ್ಚ್ 19ರ ಯುಗಾದಿಯಿಂದ ಪರಾಭವ. ಒಂದೇ ಹೆಸರು ಮತ್ತೆ ಬರುವುದು 60 ವರ್ಷಕ್ಕೆ. ನಿಮ್ಮ ಮನೆಯಲ್ಲಿ 1966ರ ಯುಗಾದಿ ಆದಮೇಲೆ, 1967ರ ಯುಗಾದಿಗೆ ಮೊದಲು ಹುಟ್ಟಿದವರು ಇದ್ದರೆ ಅವರು ಹುಟ್ಟಿದ್ದೂ ಪರಾಭವದಲ್ಲೇ. ಆ ವರ್ಷದ ಮೊದಲ ಪುಟ ಅವರಿಗೇ ಬಿಡಿ.

ಪುಸ್ತಕ ಅಂದರೆ 200 ಪುಟದ ಉದ್ದನೆ ನೋಟ್‌ಬುಕ್ ಸಾಕು. ಬಾಲ್ ಪೆನ್ನಿನಲ್ಲಿ ಬರೆಯಿರಿ. ಎಷ್ಟೋ ಜೆಲ್ ಪೆನ್ನಿನ ಬರಹ ನೀರು ಬಿದ್ದರೆ ಹರಡಿಕೊಳ್ಳುತ್ತದೆ. ಮೊಬೈಲಿನಲ್ಲಿ ಬರೆಯಬಾರದು ಅಂತೇನಿಲ್ಲ, ಆದರೆ ಆ ಮೊಬೈಲ್ ಮುಂದಿನ ವರ್ಷ ಯಾರ ಕೈಲಿರುತ್ತದೋ ಯಾರು ಬಲ್ಲರು.

ಚೂರುಪಾರು ಕೂಡಿಡಿ

ಒಂದು ಹಳೇ ಚಪ್ಪಲಿ ಡಬ್ಬ ತೊಗೊಳ್ಳಿ. ವರ್ಷವಿಡೀ ಅದಕ್ಕೆ ಹಾಕುತ್ತಾ ಹೋಗಿ: ಡೇರಿಯ ಹಾಲಿನ ಚೀಟಿ, ಲಗ್ನಪತ್ರಿಕೆ, ಆಸ್ಪತ್ರೆಯ ಚೀಟಿ, ಸ್ಕೂಲಿನ ಫೀಸ್ ರಸೀದಿ, ಕಬ್ಬಿನ ತೂಕದ ಚೀಟಿ. ಒಂದು ಎಚ್ಚರಿಕೆ. ಅಂಗಡಿ ಬಿಲ್ಲು, ಎಟಿಎಂ ಚೀಟಿ ಇವೆಲ್ಲ ಬಿಸಿಗೆ ಅಕ್ಷರ ಮೂಡುವ ನುಣುಪು ಕಾಗದದ್ದು. ಕೆಲವೇ ತಿಂಗಳಲ್ಲಿ ಬೆಳ್ಳಗಾಗುತ್ತವೆ. ಫ್ರಿಜ್ಜಿನದೋ ಪಂಪ್‌ಸೆಟ್ಟಿನದೋ ಬಿಲ್ಲು ಹಾಗಿದ್ದರೆ ಅವತ್ತೇ ಜೆರಾಕ್ಸ್ ಮಾಡಿಸಿ ಹಾಕಿ. ವಾರಂಟಿ ಕೇಳಲು ಹೋದಾಗ ಖಾಲಿ ಕಾಗದ ತೋರಿಸಿದರೆ ಯಾರೂ ಒಪ್ಪುವುದಿಲ್ಲ.

ಇದೆಲ್ಲಕ್ಕಿಂತ ದೊಡ್ಡ ದಾಖಲೆ ನಿಮ್ಮ ಅಡುಗೆಮನೆ ಗೋಡೆಯಲ್ಲೇ ನೇತಾಡುತ್ತಿದೆ. ಗೋಡೆ ಕ್ಯಾಲೆಂಡರ್. ಸಿಲಿಂಡರ್ ಹಚ್ಚಿದ ದಿನಕ್ಕೆ ಒಂದು ಗೀಟು, ಹಾಲು ಬೇಡ ಅಂದ ದಿನಕ್ಕೆ ಸುತ್ತು, ಚೀಟಿ ಕಟ್ಟುವ ತಾರೀಖು, ಹಸುವನ್ನು ಗಬ್ಬ ಕಟ್ಟಿಸಿದ ದಿನ, ಯಾರೋ ಫೋನ್ ಮಾಡಿ ಹೇಳಿದ ಗೃಹಪ್ರವೇಶದ ದಿನ. ಅಮ್ಮಂದಿರು ಅಲ್ಲಿ ಬರೆದಷ್ಟು ಮನೆಯ ಚರಿತ್ರೆ ಇನ್ನೆಲ್ಲೂ ಇರುವುದಿಲ್ಲ. ಆದರೆ ಜನವರಿ ಒಂದಕ್ಕೆ ಹೊಸದು ತೂಗುಹಾಕಿ ಹಳೇದನ್ನು ಮಕ್ಕಳ ಪುಸ್ತಕಕ್ಕೆ ಬೈಂಡು ಹಾಕಿಬಿಡುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ. ಸುರುಳಿ ಸುತ್ತಿ ಡಬ್ಬದ ಪಕ್ಕ ಇಡಿ.

ಮೊಬೈಲಿನ ಫೋಟೊ ನೋಡಿ ತಾರೀಖು ಹಿಡಿಯುವವರು ಒಂದು ಗಮನಿಸಿ. ನಿಮ್ಮ ಕ್ಯಾಮೆರಾದಲ್ಲೇ ತೆಗೆದದ್ದಾದರೆ ತಾರೀಖು ಸರಿ ಇರುತ್ತದೆ. ವಾಟ್ಸಾಪ್‌ನಲ್ಲಿ ಬಂದ ಫೋಟೊದಲ್ಲಿ ಕಾಣುವುದು ನಿಮಗೆ ತಲುಪಿದ ದಿನ, ತೆಗೆದ ದಿನ ಅಲ್ಲ. ನಾಮಕರಣದ ಫೋಟೊ ವಾರ ಬಿಟ್ಟು ಕಳಿಸಿದ್ದರೆ ನಿಮ್ಮ ಪುಸ್ತಕದಲ್ಲಿ ಮಗುವಿಗೆ ವಾರ ತಡವಾಗಿ ಹೆಸರಿಟ್ಟಂತೆ ಆಗುತ್ತದೆ.

ಹಿರಿಯರನ್ನು ತಾರೀಖು ಕೇಳಬೇಡಿ

ಅಜ್ಜಿಯನ್ನು ಯಾವ ತಾರೀಖು ಅಂತ ಕೇಳಿದರೆ ಸುಮ್ನೆ ತಲೆ ಅಲ್ಲಾಡಿಸುತ್ತಾರೆ. ಯಾವ ಹಬ್ಬದ ಹಿಂದುಮುಂದು ಅಂತ ಕೇಳಿ. ಆಗ ನೋಡಿ:

“ಅಜ್ಜಿ, ದೊಡ್ಡಪ್ಪ ಬಿದ್ದು ಕಾಲು ಮುರ್ಕೊಂಡಿದ್ದು ಯಾವಾಗ?”

“ಗೌರಿ ಹಬ್ಬಕ್ಕೆ ಇನ್ನೂ ಎಂಟು ದಿವ್ಸ ಇತ್ತು ಕಣ್ ಮಗ. ನಾಟಿ ಮುಗ್ಸಿದ್ವಿ. ಅವತ್ತು ಸಂತೆ ದಿನ, ನಂಗೆ ಚೆನ್ನಾಗಿ ನೆಪ್ಪದೆ.”

ಸಾಕಲ್ವಾ? ಆ ವರ್ಷದ ಪಂಚಾಂಗವೋ ಕ್ಯಾಲೆಂಡರೋ ತೆಗೆದರೆ ತಾರೀಖು ಅಲ್ಲೇ ಸಿಗುತ್ತದೆ. ನಮ್ಮ ಕಡೆ ನೆನಪಿಗೆ ಗೂಟಗಳು ಬೇಕಾದಷ್ಟಿವೆ. ಚಾಮುಂಡಿ ಬೆಟ್ಟದ ಆಷಾಢ ಶುಕ್ರವಾರಗಳು, ದಸರಾದ ಜಂಬೂ ಸವಾರಿ, ಸಂಕ್ರಾಂತಿಯಲ್ಲಿ ದನಗಳಿಗೆ ಕಿಚ್ಚು ಹಾಯಿಸಿದ್ದು, ಸುತ್ತೂರು ಜಾತ್ರೆ, ನಂಜನಗೂಡಿನ ದೊಡ್ಡ ತೇರು, ಮೇಲುಕೋಟೆಯ ವೈರಮುಡಿ.

ವರ್ಷವೇ ಮರೆತಿದ್ದರೆ ಕನ್ನಂಬಾಡಿ ಕಟ್ಟೆಯನ್ನು ಕೇಳಿ. ರೈತರ ಮನೆಯಲ್ಲಿ ಇದು ತಪ್ಪುವುದೇ ಇಲ್ಲ. 2023ರಲ್ಲಿ ಕಟ್ಟೆ ತುಂಬಲೇ ಇಲ್ಲ, ಮಂಡ್ಯದಲ್ಲಿ ಕಾವೇರಿ ಗಲಾಟೆ, ಬಂದ್. 2024ರಲ್ಲಿ ಜುಲೈನಲ್ಲಿ ತುಂಬಿತು. 2025ರಲ್ಲಿ ಜೂನ್ ಮುಗಿಯುವಷ್ಟರಲ್ಲೇ ಕಟ್ಟೆ ತುಂಬಿತ್ತು. “ನೀರು ಬಿಡದೇ ಇದ್ದ ವರ್ಷ” ಅಂದರೆ ಯಾವುದು ಅಂತ ನಾಲೆ ಬಯಲಿನ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಮೈಲಿಗಲ್ಲುಗಳ ಪುಟ

ಹುಟ್ಟು, ನಾಮಕರಣ, ಮದುವೆ, ಗೃಹಪ್ರವೇಶ, ಸಾವು. ಇವುಗಳ ಮುಂದೆ ತಾರೀಖು, ಜಾಗ, ಬಂದಿದ್ದವರಲ್ಲಿ ಮುಖ್ಯವಾದವರು, ಇಷ್ಟಿದ್ದರೆ ಸಾಕು. ಹುಟ್ಟಿನ ವಿಷಯದಲ್ಲಿ ಮಾತ್ರ ಬರೆದಿಡುವುದರ ಜೊತೆ ಒಂದು ಕೆಲಸ ಮುಗಿಸಿಕೊಳ್ಳಿ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಆಸ್ಪತ್ರೆಯಲ್ಲಿ ಹೆರಿಗೆ ಆದರೆ ಮಾಹಿತಿ ಅವರೇ ಕಳಿಸುತ್ತಾರೆ, ಆದರೆ ಹೆಸರಿನ ಕಾಲಂ ಖಾಲಿ ಉಳಿದುಬಿಡುವುದು ಜಾಸ್ತಿ. ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕ ಇಲ್ಲ. ಆಮೇಲೆ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಸ್ಕೂಲು, ಪಾಸ್‌ಪೋರ್ಟು, ಮತದಾರರ ಪಟ್ಟಿ ಎಲ್ಲದಕ್ಕೂ ಹುಟ್ಟಿದ ದಿನದ ಪುರಾವೆ ಈ ಪ್ರಮಾಣಪತ್ರವೇ. ಅದರ ನೋಂದಣಿ ಸಂಖ್ಯೆಯನ್ನು ನಾಮಕರಣದ ಪುಟದಲ್ಲೇ ಬರೆಯಿರಿ. ಹೆಸರಿನ ಅಕ್ಷರಗಳನ್ನು ಇನ್ನೊಂದು ಸಲ ನೋಡಿ. ಕನ್ನಡದಲ್ಲಿ ಸರಿ ಇದ್ದು ಇಂಗ್ಲಿಷಿನಲ್ಲಿ ಒಂದಕ್ಷರ ಹೆಚ್ಚುಕಮ್ಮಿ ಆಗಿರುವುದು ಎಷ್ಟೋ ಮನೆಯಲ್ಲಿ ಇದೆ.

ಸಣ್ಣ ಮೈಲಿಗಲ್ಲುಗಳನ್ನು ಬಿಡಬೇಡಿ. ಅಜ್ಜನ ಕಣ್ಣಿನ ಪೊರೆ ಆಪರೇಷನ್ ಆಯಿತು ಅಂತ ಬರೆದರೆ ಸಾಲದು. ಯಾವ ಕಣ್ಣು, ಯಾವ ದಿನ ಅಂತ ಬರೆದು, ಒಳಗೆ ಹಾಕಿದ ಲೆನ್ಸಿನ ವಿವರ ಇರುವ ಸಣ್ಣ ಕಾರ್ಡನ್ನು ಅದೇ ಪುಟಕ್ಕೆ ಪಿನ್ ಮಾಡಿ. ಇನ್ನೊಂದು ಕಣ್ಣಿಗೆ ಹೋದಾಗ ಡಾಕ್ಟರ್ ಮೊದಲು ಕೇಳುವುದು ಅದನ್ನೇ.

ಸಾವಿನ ಪುಟ ಬರೆಯುವುದು ಕಷ್ಟ. ಆದರೂ ಬರೆಯಿರಿ. ತಿಥಿ ಬೇಕೇ ಬೇಕಲ್ವಾ, ವರ್ಷಾಬ್ದಿಕಕ್ಕೆ. ಅದರ ಕೆಳಗೆ ಅವರ ಒಂದು ಮಾತು, ಅವರು ಯಾವಾಗಲೂ ಹೇಳುತ್ತಿದ್ದ ಒಂದು ಬೈಗುಳವಾದರೂ ಸರಿ, ಅವರ ಬಾಯಲ್ಲಿ ಬಂದ ಹಾಗೇ ಬರೆಯಿರಿ.

ಕೆಲಸದ ಪುಟ, ಅದರಲ್ಲೂ ಮನೆಕೆಲಸ

ಸಂಬಳದ ಕೆಲಸದವರದು ಬೇಗ ಮುಗಿಯುತ್ತದೆ. ಸೇರಿದ ದಿನ, ಬಿಟ್ಟ ದಿನ, ಬಡ್ತಿ, ವರ್ಗ. ಫಾರಂ 16, ಬಿಡುಗಡೆ ಪತ್ರ ಎಲ್ಲಿಟ್ಟಿದ್ದೀರಿ ಅಂತ ಒಂದು ಸಾಲು.

ಬೇಸಾಯದವರಿಗೆ ಇನ್ನಷ್ಟು ಬೇಕು. ಯಾವ ಗದ್ದೆ, ಎಷ್ಟು ಗುಂಟೆ, ಹೊಸ ನಾಟಿಯೋ ಕಡಿದ ಬುಡದಿಂದ ಚಿಗುರಿದ ಕೂಳೆಯೋ, ಕಟಾವು ಯಾವತ್ತು, ಎಷ್ಟು ಟನ್ನು, ದುಡ್ಡು ಬಂದಿದ್ದು ಯಾವತ್ತು. ಈ ಕೊನೆಯ ಎರಡು ತಾರೀಖು ತಪ್ಪದೆ ಬರೆಯಿರಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ, ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ದುಡ್ಡು ಕೊಡಬೇಕು. ತಡವಾದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಕೊಡಬೇಕು. ಕೇಳಿದರೆ ಸಿಗುತ್ತದೋ ಇಲ್ಲವೋ ಬೇರೆ ಮಾತು, ಕೇಳುವುದಕ್ಕಾದರೂ ತಾರೀಖು ಕೈಯಲ್ಲಿರಬೇಕು. ಆಲೆಮನೆಗೆ ಹಾಕಿದವರು ಬೆಲ್ಲದ ಧಾರಣೆಯನ್ನೂ ಬರೆದುಕೊಳ್ಳಿ.

ಈಗ ಮನೇಲಿರುವವರ ಕೆಲಸ. “ನಂದೇನಿದೆ ಬರೆಯೋಕೆ, ಅದೇ ಅಡುಗೆ, ಅದೇ ಪಾತ್ರೆ” ಅಂತ ಅಮ್ಮ ಎದ್ದು ಹೋಗುತ್ತಾರೆ. ಬಿಡಬೇಡಿ, ಕೂರಿಸಿ. ಏನು ಮಾಡಿದೆ ಅಂತ ಕೇಳಬೇಡಿ. ನೀನು ಎರಡು ದಿನ ಇಲ್ಲದಿದ್ದಾಗ ಮನೇಲಿ ಏನೇನು ನಿಂತುಹೋಯಿತು ಅಂತ ಕೇಳಿ. ಆಗ ಪಟ್ಟಿ ತಾನಾಗೇ ಬರುತ್ತದೆ. ಹಸು ಹಾಲು ಇಳಿಸಲಿಲ್ಲ, ಅತ್ತೆಯ ಬಿಪಿ ಮಾತ್ರೆ ತಪ್ಪಿತು, ಸಂಘದ ಕಂತು ಕಟ್ಟಲಿಲ್ಲ, ಮಗುವಿನ ಯೂನಿಫಾರಂ ಒಗೆಯದೆ ಕಲರ್ ಡ್ರೆಸ್ಸಲ್ಲಿ ಹೋಯಿತು. ಅದನ್ನೇ ಬರೆಯಿರಿ.

ಡೇರಿ ಪುಸ್ತಕ ಇರುವ ಮನೆಯಾದರೆ ಇನ್ನೂ ಸುಲಭ. ಬೆಳಿಗ್ಗೆ, ಸಂಜೆ, ಎಷ್ಟು ಲೀಟರು, ಫ್ಯಾಟ್ ಎಷ್ಟು ಬಂತು ಅಂತ ಸಾಲು ಸಾಲಾಗಿ ಇರುತ್ತದೆ. ಮಧ್ಯೆ ಎಲ್ಲೋ ಲೀಟರು ಇದ್ದಕ್ಕಿದ್ದ ಹಾಗೆ ಇಳಿದಿರುತ್ತದೆ. ಆ ವಾರ ಏನಾಯಿತು ಅಂತ ಕೇಳಿ ನೋಡಿ. ಹಸುವಿಗೆ ಜ್ವರವೋ, ಮನೆಯವರಿಗೆ ಜ್ವರವೋ, ಮಗಳ ಬಾಣಂತನಕ್ಕೆ ಹೋಗಿದ್ದೋ. ಆ ಇಳಿದ ಸಾಲಿನ ಹಿಂದೆ ಒಂದು ಕಥೆ ಇದ್ದೇ ಇರುತ್ತದೆ. ದುಡ್ಡು ಯಾರ ಖಾತೆಗೆ ಬಂದರೂ ಬೆಳಿಗ್ಗೆ ಐದೂವರೆಗೆ ಕ್ಯಾನು ಹಿಡಿದು ಹೋದವರ ಹೆಸರು ಪುಸ್ತಕದಲ್ಲಿ ಇರಲಿ.

ಸ್ಕೂಲಿನ ಪುಟ ಮಕ್ಕಳೇ ಬರೆಯಲಿ

ದೊಡ್ಡವರು ಬರೆದರೆ ಬರೀ ಅಂಕ ಬರುತ್ತದೆ. ಅಂಕ ಹೇಗೂ ಅಂಕಪಟ್ಟಿಯಲ್ಲಿ ಇರುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಡಿಜಿಲಾಕರ್‌ನಲ್ಲೂ ಸಿಗುತ್ತದೆ. ಪುಸ್ತಕಕ್ಕೆ ಬೇಕಾದದ್ದು ಬೇರೆ. ಪಕ್ಕದಲ್ಲಿ ಯಾರು ಕೂರುತ್ತಿದ್ದರು, ಯಾವ ಟೀಚರ್ ಇಷ್ಟ, ಯಾವ ಪಾಠಕ್ಕೆ ಹೊಟ್ಟೆನೋವು ಬರುತ್ತಿತ್ತು, ಬಿಸಿಯೂಟದಲ್ಲಿ ಯಾವತ್ತು ಏನು ಚೆನ್ನಾಗಿತ್ತು. “ಈ ವರ್ಷ ನಾನು ಸೀಟಿನ ಮೇಲೆ ಕೂತು ಸೈಕಲ್ ಹೊಡೆದೆ. ಬ್ರೇಕ್ ಹಾಕೋಕೆ ಬರಲ್ಲ.” ಹೀಗೆ ಬರೆದರೆ ತಿದ್ದಬೇಡಿ. ಕಾಗುಣಿತದ ತಪ್ಪನ್ನೂ ತಿದ್ದಬೇಡಿ.

ಸರ್ಕಾರಿ ಶಾಲೆಯಲ್ಲಿ ಚಿಕ್ಕ ಕ್ಲಾಸಿನ ನಲಿ-ಕಲಿ ಮಕ್ಕಳಿದ್ದರೆ ಇದು ಅವರಿಗೆ ಹೊಸದಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲೇ ಶುರುವಾದ ಕ್ರಮ ಅದು. ಅಲ್ಲಿ ಮಗು ತನ್ನ ವೇಗದಲ್ಲಿ ಒಂದೊಂದೇ ಮೈಲಿಗಲ್ಲು ದಾಟುತ್ತದೆ. ಯಾವ ಮೈಲಿಗಲ್ಲಿನಲ್ಲಿದ್ದೀಯ ಅಂತ ಕೇಳಿದರೆ ಮಗು ತಾನೇ ಹೇಳುತ್ತದೆ. ಮನೆಯ ಪುಸ್ತಕದಲ್ಲೂ ಅದನ್ನೇ ಅನುಸರಿಸಿ. ಹೋದ ವರ್ಷ ಏನು ಬರುತ್ತಿರಲಿಲ್ಲ, ಈಗ ಏನು ಬರುತ್ತದೆ, ಇಷ್ಟೇ ಪ್ರಶ್ನೆ. ಚಿಕ್ಕಪ್ಪನ ಮಗಳಿಗೆ ಎಷ್ಟು ಬಂತು ಅನ್ನುವುದು ಈ ಪುಟದಲ್ಲಿ ಬರಕೂಡದು. ಇದರಲ್ಲಿ ನಾನು ಹಟಮಾರಿ.

ದೊಡ್ಡವರು ಸೇರಿಸಬೇಕಾದದ್ದು ಎರಡೇ. ಗೋಡೆಗೆ ನಿಲ್ಲಿಸಿ ಅಳೆದ ಎತ್ತರ ಒಂದು. ಸ್ಕೂಲಿನ ದಾಖಲೆಯಲ್ಲಿ ಮಗುವಿಗೆ ಇರುವ ಎಸ್‌ಎಟಿಎಸ್ ಸಂಖ್ಯೆ ಇನ್ನೊಂದು. ಸ್ಕೂಲು ಬದಲಾಯಿಸುವಾಗ, ಟಿಸಿ ತೊಗೊಳ್ಳುವಾಗ ಅದನ್ನು ಕೇಳುತ್ತಾರೆ.

ಯುಗಾದಿ ಲೆಕ್ಕದಲ್ಲಿ ಒಂದು ತೊಡಕಿದೆ. ವಾರ್ಷಿಕ ಪರೀಕ್ಷೆಗಳು ಹಬ್ಬದ ಆಸುಪಾಸಿನಲ್ಲೇ ಬರುತ್ತವೆ, ಫಲಿತಾಂಶ ಆಮೇಲೆ. ಹತ್ತನೇ ಕ್ಲಾಸಿನವರಿದ್ದರೆ ಅರ್ಧ ಪುಟ ಖಾಲಿ ಬಿಡಿ. ಎಷ್ಟು ಅಂಕ ಬಂತು ಅಂತ ಅವರೇ ಆಮೇಲೆ ತುಂಬಲಿ. ಹಬ್ಬದ ದಿನ ಓದುತ್ತಾ ಕೂತಿರುವ ಮಗುವನ್ನು ಎಬ್ಬಿಸಿ ಬರೆಸಬೇಡಿ.

ನೆನೆಯುವವರ ಪುಟ

ಇದಕ್ಕೆ ಜಾಸ್ತಿ ಹೊತ್ತು ಕೊಡಿ. “ಕಷ್ಟಕಾಲದಲ್ಲಿ ನೆರವಾದ ಎಲ್ಲರಿಗೂ ಧನ್ಯವಾದ” ಅಂತ ಬರೆದರೆ ಯಾರಿಗೂ ಹೇಳಿದಂತೆ ಆಗಲಿಲ್ಲ. ಲಗ್ನಪತ್ರಿಕೆಯ ಕೆಳಗೆ ಅಚ್ಚು ಹಾಕಿಸುವ ಮಾತು ಅದು. ಇಲ್ಲಿ ಮೂರು ಬೇಕು: ಯಾರು, ಏನು ಮಾಡಿದರು, ಯಾವಾಗ. ಹೀಗೆ:

“ಶ್ರಾವಣ ಮಾಸ. ನಾಲೆ ನೀರು ಬಂತು, ಆಳು ಸಿಗಲಿಲ್ಲ. ಎದುರುಮನೆ ಅಕ್ಕ, ಅವರ ಸೊಸೆ ಮುಯ್ಯಾಳು (ಕೂಲಿ ಇಲ್ಲದೆ, ಆಳಿಗೆ ಆಳು) ಬಂದರು. ಹತ್ತು ಗುಂಟೆ ಒಂದೇ ದಿನಕ್ಕೆ ಮುಗಿಯಿತು. ನಾವು ಒಬ್ಬರೇ ಹೋಗಿದ್ದೇವೆ. ಇನ್ನೊಂದು ಆಳು ಬಾಕಿ.”

“ಕಾರ್ತಿಕ. ಅಪ್ಪನನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದಾಗ ರಾತ್ರಿ ವಾರ್ಡಿನಲ್ಲಿದ್ದ ನರ್ಸ್ ತಮ್ಮ ಫ್ಲಾಸ್ಕಿನ ಬಿಸಿನೀರು ಕೊಟ್ಟರು. ಹೆಸರು ಕೇಳಲಿಲ್ಲ.”

ಹೆಸರು ಗೊತ್ತಿಲ್ಲದಿದ್ದರೂ ಬರೆಯಿರಿ. ಬಸ್ಸಿನಲ್ಲಿ ಮರೆತ ಬ್ಯಾಗನ್ನು ಡಿಪೋದಲ್ಲಿ ಕೊಟ್ಟ ಕಂಡಕ್ಟರು, ಪರೀಕ್ಷೆ ದಿನ ಬೈಕ್ ನಿಲ್ಲಿಸಿ ಮಗುವನ್ನು ಹತ್ತಿಸಿಕೊಂಡವರು, ಸಾಲದ ಕಂತಿಗೆ ಒಂದು ತಿಂಗಳು ಸುಮ್ಮನಿದ್ದ ಅಂಗಡಿಯವರು.

ಸಹಾಯ ಮಾಡಿದವರನ್ನು ಬರೆಯುತ್ತಾ, ಮಾಡದವರ ಪಟ್ಟಿಯೂ ಮನಸ್ಸಿಗೆ ಬರುತ್ತದೆ. ಬರುತ್ತದೆ, ಅದು ಸಹಜ. ಅದನ್ನು ಈ ಪುಸ್ತಕಕ್ಕೆ ತರಬೇಡಿ. ಮನೆಯ ಒಳಗಿನವರನ್ನು ಮರೆಯುವುದೂ ಜಾಸ್ತಿ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಓಡಾಡಿದ ಅಳಿಯನ ಹೆಸರು ಬರುತ್ತದೆ, ಮನೇಲಿ ಕೂತು ಅಜ್ಜಿಯನ್ನೂ ದನವನ್ನೂ ನೋಡಿಕೊಂಡ ಸೊಸೆಯ ಹೆಸರು ಬರುವುದಿಲ್ಲ. ಬರೆದಮೇಲೆ ಒಂದು ಸಲ ಆ ಕಣ್ಣಿನಲ್ಲಿ ಓದಿ.

ಬರೆದದ್ದನ್ನು ಅವರಿಗೆ ಹೇಳಬೇಕಾ? ಹೇಳಿ. ಫೋನಿಗಿಂತ ಹೋಗಿ ಹೇಳುವುದು ವಾಸಿ. ನಮ್ಮವರಿಗೆ ಎದುರಿಗೆ ಕೂತು ಥ್ಯಾಂಕ್ಸ್ ಅನ್ನುವುದಕ್ಕೆ ನಾಚಿಕೆ, ಕೇಳಿಸಿಕೊಳ್ಳುವವರಿಗೆ ಇನ್ನೂ ನಾಚಿಕೆ. ಹಬ್ಬದ ಒಬ್ಬಟ್ಟು ಕೊಡುವ ನೆವದಲ್ಲಿ ಹೋಗಿ, “ಅಕ್ಕ, ಅವತ್ತು ನೀವು ನಾಟಿಗೆ ಬರದಿದ್ದರೆ ನೀರು ಮುಗಿದೇ ಹೋಗ್ತಿತ್ತು” ಅಂದರೆ ಆಯಿತು. “ಅಯ್ಯೋ ಬಿಡವ್ವ, ಅದೇನ್ ದೊಡ್ಡದು” ಅನ್ನುತ್ತಾರೆ. ಬಾಕಿ ಇದ್ದ ಆಳನ್ನು ಮಾತ್ರ ಮರೆಯದೆ ತೀರಿಸಿ.

ಒಂದು ಪುಟ ಮಾಡಿ, ಓದಿ

ಡಬ್ಬ, ಕ್ಯಾಲೆಂಡರ್, ಮಕ್ಕಳ ಪುಟ, ನೆನೆಯುವವರ ಪುಟ ಎಲ್ಲ ಆದಮೇಲೆ ಹಬ್ಬಕ್ಕೆ ಒಂದು ವಾರ ಮೊದಲು ಒಬ್ಬರು ಕೂತು ಇಡೀ ವರ್ಷವನ್ನು ಒಂದೇ ಪುಟಕ್ಕೆ ಇಳಿಸಬೇಕು. ತಿಂಗಳ ಸಾಲಿನಲ್ಲಿ ಬರೆದರೆ ಸುಲಭ. ಒಳ್ಳೆಯದನ್ನೇ ಆರಿಸಬೇಡಿ. ಬೋರು ಬತ್ತಿದ್ದು, ಕೆಲಸ ಹೋದದ್ದು, ಸೀಟು ಸಿಗದೇ ಇದ್ದದ್ದು ಇರಲಿ. ಬೇವು ತೆಗೆದು ಬರೀ ಬೆಲ್ಲ ಹಂಚುವ ಮನೆ ಯಾವುದೂ ಇಲ್ಲ.

ಎಲ್ಲವನ್ನೂ ಗಟ್ಟಿಯಾಗಿ ಓದುವ ಹಾಗಿಲ್ಲ. ಸಾಲದ ಮೊತ್ತ, ಹೆಣ್ಣು-ಗಂಡು ನೋಡುವ ಮಾತುಕತೆ, ಯಾರದೋ ಕಾಯಿಲೆಯ ವಿವರ, ಆಸ್ತಿ ಭಾಗದ ವಿಷಯ ಇವೆಲ್ಲ ಪುಸ್ತಕದ ಹಿಂದಿನ ಪುಟಗಳಿಗೆ. ಓದುವ ಪುಟದಲ್ಲಿ ಯಾರ ಹೆಸರಿದೆಯೋ ಅವರಿಗೆ ಮೊದಲೇ ತೋರಿಸಿ. ಹದಿನೈದು-ಹದಿನಾರರ ಮಕ್ಕಳಿಗಂತೂ ತೋರಿಸಲೇಬೇಕು. “ಇದನ್ನ ತೆಗೀರಿ” ಅಂದರೆ ತೆಗೆಯಿರಿ, ವಾದ ಬೇಡ.

ಓದುವುದಕ್ಕೆ ಎರಡು ಹೊತ್ತು ಚೆನ್ನ. ಯುಗಾದಿ ಚಂದ್ರನನ್ನು ನೋಡಿ, ಹಿರಿಯರ ಕಾಲಿಗೆ ಬಿದ್ದು ಒಳಗೆ ಬಂದ ಮೇಲೆ ಒಂದು. ಇಲ್ಲವಾದರೆ ತೊಡಕಿನ ದಿನ. ಬಾಡೂಟದ ಮನೆಯಲ್ಲಿ ಊಟಕ್ಕೆ ಮುಂಚೆ ಓದಿ. ಬೆಳಗಿನ ಜಾವ ಅಂಗಡಿ ಮುಂದೆ ಸಾಲಲ್ಲಿ ನಿಂತು ಮಟನ್ ತಂದವರು ಊಟ ಆದಮೇಲೆ ಎಚ್ಚರ ಇರುವುದಿಲ್ಲ. ಒಬ್ಬಟ್ಟಿನ ಮನೆಯಲ್ಲೂ ಅಷ್ಟೇ. ಮನೆಯ ಅತಿ ಚಿಕ್ಕವರು, ಓದಲು ಬರುವವರು, ಓದಲಿ. ತಡವರಿಸಿದರೆ ಅಜ್ಜಿ ತಿದ್ದುತ್ತಾರೆ, ತಿದ್ದುವಾಗ ಇನ್ನೆರಡು ವಿಷಯ ಹೊರಗೆ ಬರುತ್ತವೆ. ಅದನ್ನು ಯಾರಾದರೂ ಪಕ್ಕದಲ್ಲಿ ಗೀಚಿಕೊಳ್ಳಿ. ಬರಲಾಗದ ಮಗಳಿಗೋ ಅಣ್ಣನಿಗೋ ಆ ಓದನ್ನೇ ವಾಯ್ಸ್ ಮೆಸೇಜ್ ಮಾಡಿ ಕಳಿಸಿ.

ಆಮೇಲೆ ಎರಡು ಕೆಲಸ ಉಳಿಯುತ್ತದೆ. ಓದಿದ ಪುಟಗಳ ಫೋಟೊ ತೆಗೆದು ಇಬ್ಬರ ಮೊಬೈಲಿನಲ್ಲಾದರೂ ಇಡಿ. ಪುಸ್ತಕವನ್ನು ಕಬ್ಬಿಣದ ಟ್ರಂಕಿನಲ್ಲಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಎರಡು ನುಸಿಗುಳಿಗೆ ಜೊತೆ ಇಡಿ. ಅಟ್ಟದ ಮೇಲೆ ಬೇಡ. ಗೆದ್ದಲು ಮೊದಲು ಹುಡುಕುವುದೇ ಅಲ್ಲಿಯ ಕಾಗದ. ಮುಂದಿನ ವರ್ಷ ಬರೆಯುವವರು ಯಾರು ಅಂತ ಎಲ್ಲರೂ ಚೆದುರುವ ಮೊದಲೇ ಗೊತ್ತುಮಾಡಿ, ಚಪ್ಪಲಿ ಡಬ್ಬ ಖಾಲಿ ಮಾಡಿ ಅವರ ಕೈಗೆ ಕೊಡಿ.